ಹನ್ನೊಂದು ಕಿಟಕಿಗಳ ದಾಕ್ಷಿಣ್ಯ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಇಡೀ ಕಚೇರಿಗೆ ಗೊತ್ತು. ಆದರೂ ಪಾಕ್ದೆ ದರ್ಸೊನೊ ಅವರ ಮೇಲೆ ನಾನು ರೇಗಿದ್ದು ಒಂದೇ ಸಲ. ಅವತ್ತು ರೇಗದೆ ಇದ್ದಿದ್ದರೆ ನಾನು ಮನುಷ್ಯಳೇ ಅಲ್ಲ.

ನಮ್ಮದು ಸೋಲೊ ಊರಿನ ನೀರಿನ ಕಚೇರಿ. ಕಾಲುವೆಗಳ ಮೇಲೆ ಹನ್ನೊಂದು ತೂಬುಗಳಿವೆ. ಒಂದೊಂದು ತೂಬಿನ ಪಕ್ಕದಲ್ಲೂ ಗೂಡಂಗಡಿಯಷ್ಟು ಕೋಣೆ, ಅದರೊಳಗೊಂದು ಹಳೇ ಕಂಪ್ಯೂಟರ್. ಬೆಳಿಗ್ಗೆ ಎಂಟಕ್ಕೆ ಕಚೇರಿಯಲ್ಲಿ ಒಬ್ಬರು ಕೂತು, ಪರದೆಯ ಮೇಲೆ ಹನ್ನೊಂದು ಕಪ್ಪು ಕಿಟಕಿಗಳನ್ನು ತೆರೆಯಬೇಕು. ಒಂದೊಂದು ಕಿಟಕಿಯಿಂದ ಒಂದೊಂದು ತೂಬಿನ ಕಂಪ್ಯೂಟರನ್ನು ಹೊಕ್ಕು, ನೀರು ಅಳೆಯುವ ಕಮಾಂಡ್ ಬರೆಯಬೇಕು. ಅದು ಅಳತೆ ತೋರಿಸಿ 'ಇದು ಒಪ್ಪಿಗೆಯೇ?' ಎಂದು ಕೇಳುತ್ತದೆ. ಹೌದು ಎಂದರೆ ಆ ಅಳತೆಗೆ ತಕ್ಕಂತೆ ತೂಬಿನ ಬಾಗಿಲು ತಾನಾಗಿ ಏರುತ್ತದೆ ಅಥವಾ ಇಳಿಯುತ್ತದೆ. ಅಷ್ಟೇ ಕೆಲಸ. ಹತ್ತೊಂಬತ್ತು ವರ್ಷಗಳಿಂದ ಆ ಕುರ್ಚಿಯಲ್ಲಿ ಕೂತವರು ಪಾಕ್ದೆ ದರ್ಸೊನೊ. ಪಾಕ್ದೆ ಎಂದರೆ ದೊಡ್ಡಪ್ಪ. ರಕ್ತಸಂಬಂಧವೇನಿಲ್ಲ, ಕಚೇರಿಗೆಲ್ಲ ಅವರು ದೊಡ್ಡಪ್ಪ.

ಇಷ್ಟು ಕೆಲಸ ಯಾರು ಬೇಕಾದರೂ ಮಾಡಬಹುದು ಎಂದು ನಿಮಗೆ ಅನ್ನಿಸುತ್ತದೆ. ನಮಗೂ ಅನ್ನಿಸಿತ್ತು. ಆರು ವರ್ಷದ ಹಿಂದೆ ಪಾಕ್ದೆಗೆ ಡೆಂಗಿ ಜ್ವರ ಬಂದು ಮಲಗಿದಾಗ ನಕ್ಷೆ ವಿಭಾಗದವನೊಬ್ಬ ಅವರ ಕುರ್ಚಿಯಲ್ಲಿ ಕೂತ. ಅದೇ ಕಿಟಕಿ, ಅದೇ ಕಮಾಂಡ್. ಮೂರನೆಯ ದಿನಕ್ಕೆ ನಾಲ್ಕನೇ ತೂಬಿನ ಕೆಳಗಿನ ಮೀನುಕೊಳಗಳೆಲ್ಲ ಒಣಗಿಹೋದವು. ಮೀನು ಸಾಕಿದವರು ಬುಟ್ಟಿ ಹಿಡಿದು ಕಚೇರಿಗೆ ಬಂದು, ಸತ್ತ ಮೀನುಗಳನ್ನು ಮುಂಬಾಗಿಲ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಕೇಳಿ, ಸಲಾಂ ಹೇಳಿ ಹೋದರು. ನಮ್ಮೂರಿನವರು ಜಗಳ ಆಡುವ ರೀತಿಯೇ ಅದು. ಪಾಕ್ದೆ ಮೈ ಬಿಸಿ ಇಳಿಯುವ ಮೊದಲೇ ಬಂದು ಕೂತರು, ನೀರು ಸರಿಹೋಯಿತು. ಕೈಗುಣ ಎಂದರು ಎಲ್ಲರೂ. ಜಕಾರ್ತಾದಿಂದ ಬಂದ ತಜ್ಞನೊಬ್ಬ ಎರಡು ದಿನ ತಲೆ ಕೆರೆದುಕೊಂಡು, ಕೊನೆಗೆ ವರದಿಯಲ್ಲಿ 'ಅನುಭವ' ಎಂದು ಬರೆದು, ಒಂದು ತಟ್ಟೆ ಸೆರಾಬಿ ದೋಸೆ ತಿಂದು ಹೊರಟುಹೋದ. ಅಂದಿನಿಂದ ಪಾಕ್ದೆಗೆ ಒಂದು ದಿನದ ರಜೆಯೂ ಇಲ್ಲ. ಭಾನುವಾರ, ಹಬ್ಬ, ಮೊಮ್ಮಗಳ ನಾಮಕರಣ, ಎಲ್ಲವೂ ಬೆಳಗಿನ ಹನ್ನೊಂದು ಕಿಟಕಿ ಮುಗಿದ ಮೇಲೆಯೇ.

ಈ ವರ್ಷ ಅವರ ಹಜ್ ಪಾಳಿ ಬಂತು. ನಮ್ಮಲ್ಲಿ ಹೆಸರು ಬರೆಸಿದವರೆಲ್ಲ ಹೋಗಿಬಿಡುವುದಿಲ್ಲ, ಪಾಳಿ ಬರುವವರೆಗೆ ಕಾಯಬೇಕು. ಪಾಕ್ದೆ ಮತ್ತು ಅವರ ಹೆಂಡತಿ, ನಮಗೆಲ್ಲ ದೊಡ್ಡಮ್ಮನಾದ ಬುದೆ ಸುಲಸ್ತ್ರಿ, ಹದಿಮೂರು ವರ್ಷ ಕಾದಿದ್ದರು. ನಲವತ್ತು ದಿನದ ಯಾತ್ರೆ. ಬುದೆಗೆ ಮಂಡಿನೋವು. ಅದಕ್ಕೇ ದಿನಾ ಬೆಳಿಗ್ಗೆ ಕಚೇರಿಯ ಹಿಂದಿನ ಬ್ಯಾಡ್ಮಿಂಟನ್ ಅಂಗಳವನ್ನು ಏಳು ಸುತ್ತು ಹಾಕಿ ಅಭ್ಯಾಸ ಮಾಡುತ್ತಿದ್ದರು. ಅಂಗಳದಲ್ಲಿ ಆಟ ನಡೆಯುತ್ತಿದ್ದರೂ ಅವರ ಸುತ್ತು ನಿಲ್ಲುತ್ತಿರಲಿಲ್ಲ.

"ಈ ಸಲ ಇವ್ರು ಬರ್ದೇ ಇದ್ರೆ ಮುಂದಿನ ಸಲ ಅನ್ನೋದಿಲ್ಲ ವೆನಿಂಗ್," ಎಂದು ಬುದೆ ನನ್ನ ಕೈ ಹಿಡಿದು ಹೇಳಿದರು. "ನನ್ನ ಮಂಡಿ ಅಷ್ಟು ದಿನ ಕಾಯಲ್ಲ. ನಾನೊಬ್ಳೇ ಹೋಗೋದೂ ಇಲ್ಲ."

ನಮ್ಮ ಮುಖ್ಯಸ್ಥೆ ಬು ತಿಯುರ್ಮಾ ಬೇರೆ ದ್ವೀಪದ ಮೇದಾನ್ ಕಡೆಯ ಬತಾಕ್ ಜನಾಂಗದ ಹೆಂಗಸು, ಬಂದು ನಾಲ್ಕು ತಿಂಗಳಾಗಿತ್ತು. ಬು ಎಂದರೆ ಮೇಡಂ ಇದ್ದಂತೆ. ಆ ಕಡೆಯವರದ್ದು ಕಡ್ಡಿ ಮುರಿದಂತೆ ಮಾತು. ಅವರು ಪಿಸುಗುಟ್ಟಿದರೆ ಎದುರಿನ ರಸ್ತೆಯ ಚಹಾದವನಿಗೆ ಕೇಳಿಸುತ್ತದೆ. ನಾನು ಪಾಕ್ದೆಯ ರಜೆಯ ವಿಷಯ ಎತ್ತಿದಾಗ ಅವರು ಬ್ಯಾಡ್ಮಿಂಟನ್ ರಾಕೆಟ್ಟಿನ ಹಿಡಿಗೆ ಪಟ್ಟಿ ಸುತ್ತುತ್ತಿದ್ದರು.

"ಅವ್ರಿಲ್ದೆ ಆ ಹನ್ನೊಂದು ಕಿಟಕಿ ತೆಗೆದು ನೀರು ಸರಿಯಾಗಿ ಹರಿಸಿ ತೋರ್ಸು. ಅವತ್ತೇ ಸೈನ್ ಹಾಕ್ತೀನಿ. ಹದಿನೈದನೇ ತಾರೀಕು ಮೂರು ಗಂಟೆಗೆ ನಾನು ಜಕಾರ್ತಾ ಗಾಡಿ ಹತ್ಬೇಕು. ಅವ್ರ ರಜೆ ಕಾಗದ ಹಜ್ ಕಚೇರಿಗೆ ಹದಿನಾರಕ್ಕೆ ಸೇರ್ಬೇಕು. ನಿಂಗೆ ಇರೋದು ಹತ್ತು ದಿನ."

ಹತ್ತು ದಿನ ಯಾಕೆ, ಒಂದು ಮಧ್ಯಾಹ್ನ ಸಾಕು ಎಂದು ನಾನು ಒಳಗೊಳಗೇ ನಕ್ಕೆ. ಹನ್ನೊಂದು ಕಿಟಕಿ ತೆರೆದು, ಒಂದೊಂದರಲ್ಲಿ ತನ್ನ ತನ್ನ ಕಮಾಂಡ್ ಓಡಿಸಿ, ಮುಚ್ಚುವ ಒಂದು ಶೆಲ್ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಕೊಡುವ ಆದೇಶಗಳ ಪಟ್ಟಿ, ಬರೆಯುವುದು ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ನನ್ನಂಥವಳಿಗೆ ಅನ್ನ ಬೇಯಿಸಿದಷ್ಟು ಸುಲಭ. ಆ ಜಂಬಕ್ಕೆ ಮೊದಲ ದಿನವೇ ಶಾಸ್ತಿಯಾಯಿತು. ತೆರೆದ ಕಿಟಕಿಯಲ್ಲಿ ತೂಬಿನ ಕಮಾಂಡ್ ಓಡಿಸುವ ಬದಲು ಅದೇ ಸ್ಕ್ರಿಪ್ಟನ್ನು ಓಡಿಸಲು ಬರೆದುಬಿಟ್ಟಿದ್ದೆ. ಹನ್ನೊಂದು ಕಿಟಕಿಗಳು ಒಂದೊಂದೂ ಹನ್ನೊಂದು ಹೆತ್ತವು, ಅವು ಮತ್ತೆ ಹನ್ನೊಂದು ಹೆತ್ತವು. ರಕ್ತಬೀಜಾಸುರನ ಸಂತಾನ. ಪರದೆ ಪೂರ್ತಿ ಕಪ್ಪಾಗಿ, ಕಂಪ್ಯೂಟರಿನ ಫ್ಯಾನು ಹೆಲಿಕಾಪ್ಟರಿನಂತೆ ಕೂಗತೊಡಗಿತು. ನಾನು ಪ್ಲಗ್ ಕಿತ್ತೆ. ಪಾಕ್ದೆ ಪಕ್ಕದಲ್ಲಿ ನಿಂತು, "ಪಾಪ, ಸುಸ್ತಾಗಿತ್ತೇನೋ," ಎಂದು ಕಂಪ್ಯೂಟರಿನ ಮೇಲೆ ಒದ್ದೆ ಬಟ್ಟೆ ಆಡಿಸಿದರು.

ಅದನ್ನು ತಿದ್ದಿದೆ. ಒಪ್ಪಿಗೆಯ ಪ್ರಶ್ನೆಗೆ ಏನು ಉತ್ತರ ಕೊಡುತ್ತಾರೆ ಎಂಬುದೊಂದು ತಿಳಿಯಬೇಕಿತ್ತು. ಪಕ್ಕದಲ್ಲಿ ಕೂತು ನೋಡೋಣವೆಂದರೆ ಆಗಲಿಲ್ಲ. ಪಕ್ಕದಲ್ಲಿ ಜನ ಕೂತರೆ ಪಾಕ್ದೆ ಕೆಲಸ ಬಿಟ್ಟು ಅವರಿಗೆ ಚಹಾ ಬಗ್ಗಿಸುತ್ತಾರೆ, ಕರಿದ ಸೋಯಾಕಾಳಿನ ತೆಂಪೆ ಮುಂದಿಡುತ್ತಾರೆ, ಊಟ ಆಯಿತೇ ಎಂದು ಮೂರು ಸಲ ವಿಚಾರಿಸುತ್ತಾರೆ. ಕೊನೆಗೆ ಕೇಳಿಯೇಬಿಟ್ಟೆ.

"ಪಾಕ್ದೆ, ಅದು ಒಪ್ಪಿಗೆಯೇ ಅಂತ ಕೇಳುತ್ತಲ್ಲ, ಏನು ಒತ್ತುತೀರಿ?"

"ಹೌದು ಅಂತ ಮಗಳೇ. ಇನ್ನೇನು ಒತ್ತಲಿ."

ನಾನು ಹೌದು ಎಂದು ಬರೆದೆ. ಹನ್ನೊಂದನೇ ತಾರೀಕು ಬೆಳಿಗ್ಗೆ ಎಂಟಕ್ಕೆ ಸ್ಕ್ರಿಪ್ಟ್ ಓಡಿಸಿದೆ. ಕಿಟಕಿಗಳು ಸಾಲಾಗಿ ತೆರೆದವು, ಹೌದು ಹೌದು ಎಂದವು, ಮುಚ್ಚಿದವು. ಪಾಕ್ದೆ ಒಂದು ಗಂಟೆ ಮಾಡುವ ಕೆಲಸ ಒಂಬತ್ತು ಸೆಕೆಂಡಿಗೆ ಮುಗಿಯಿತು. ನಾನು ಕಾಲ ಮೇಲೆ ಕಾಲು ಹಾಕಿ ಚಹಾ ಕುಡಿದೆ.

ಒಂಬತ್ತೂವರೆಗೆ ಏಳನೇ ತೂಬು ಪೂರ್ತಿ ಬಾಯಿ ತೆರೆದು, ಕಚೇರಿಯ ಹಿಂದಿನ ಕಾಲುವೆ ಉಕ್ಕಿ, ನೀರು ಬ್ಯಾಡ್ಮಿಂಟನ್ ಅಂಗಳಕ್ಕೆ ಬಂತು. ಬು ತಿಯುರ್ಮಾ ಜೋಡಿ ಆಟದ ಕೊನೆಯ ಹಂತದಲ್ಲಿದ್ದರು. ಮೊಣಕಾಲವರೆಗೆ ನೀರು ಬಂದ ಮೇಲೂ ಗೆಲ್ಲುವ ಎರಡು ಪಾಯಿಂಟು ಆಡಿ ಮುಗಿಸಿಯೇ ಹೊರಬಂದರು. ಬುದೆ ಆಗ ಐದನೇ ಸುತ್ತಿನಲ್ಲಿದ್ದವರು ಸೊಂಟಕ್ಕೆ ಸುತ್ತಿದ್ದ ಸೀರೆಯಂಥ ಬಟ್ಟೆಯನ್ನು ಎತ್ತಿ ಹಿಡಿದು, ಉಳಿದ ಎರಡು ಸುತ್ತನ್ನೂ ನೀರಿನಲ್ಲೇ ಹಾಕಿದರು. ಆ ಹೆಂಗಸರಿಬ್ಬರ ಹಟದ ಮುಂದೆ ನನ್ನ ಕೋಪ ಏನೇನೂ ಅಲ್ಲ.

"ಒಂಬತ್ತು ಸೆಕೆಂಡ್ ಅಂತೆ," ಎಂದರು ಬು, ಬೂಟಿನಿಂದ ನೀರು ಸುರಿಯುತ್ತ. "ನನ್ನ ಅಂಗಳ ಒಣಗೋಕೆ ಎಷ್ಟು ಸೆಕೆಂಡ್ ಬೇಕು ಅಂತ ನಿನ್ನ ಸ್ಕ್ರಿಪ್ಟನ್ನೇ ಕೇಳು."

ಪಾಕ್ದೆ ಮಾತ್ರ ನನ್ನನ್ನು ಒಂದು ಮಾತು ಅನ್ನಲಿಲ್ಲ. ಕೂತು, ಹನ್ನೊಂದು ಕಿಟಕಿಗಳನ್ನು ಮತ್ತೆ ತೆರೆದು, ನೀರನ್ನು ದಾರಿಗೆ ತಂದರು. ಅವರು ಏನೇನು ಒತ್ತುತ್ತಾರೋ ಅದೆಲ್ಲ ಒಂದು ಕಡತಕ್ಕೆ ಬೀಳುವಂತೆ ನಾನು ಕದ್ದು ಏರ್ಪಾಡು ಮಾಡಿದ್ದೆ. ಮಧ್ಯಾಹ್ನ ತೆರೆದು ನೋಡಿದರೆ ತಲೆ ತಿರುಗಿತು. ಒಂದೊಂದು ಕಿಟಕಿಯಲ್ಲೂ ಇದ್ದದ್ದು ಹೀಗೆ: ಬೇಡ. ಬೇಡ. ಹೌದು.

"ಪಾಕ್ದೆ, ಹೌದು ಅಂತ ಒತ್ತುತೀನಿ ಅಂದ್ರಲ್ಲ."

"ಹೌದು ಅಂತಾನೇ ಒತ್ತೋದು."

"ಅದಕ್ಕೆ ಮೊದ್ಲು ಎರಡು ಸಲ ಬೇಡ ಅಂದಿದೀರಿ."

"ಅದು ಲೆಕ್ಕಕ್ಕಿಲ್ಲವಲ್ಲ." ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಯಾರಾದ್ರೂ ಕೇಳಿದ ತಕ್ಷಣ ಹೂಂ ಅಂತಾರಾ? ಬಿಸಿ ಊಟ ಇದೆ ಬನ್ನಿ ಅಂದ್ರೆ ಬಾಯಿ ಬಿಟ್ಕೊಂಡು ಹೋಗಿ ಕೂರ್ತಾರಾ? ಅಷ್ಟು ಮರ್ಯಾದೆಯಿಂದ ಕೇಳುತ್ತೆ ಅದು. ನಾವೂ ಮರ್ಯಾದೆ ಉಳಿಸ್ಕೋಬೇಕಲ್ವಾ."

"ಅದು ಮಿಷಿನ್ನು, ಪಾಕ್ದೆ."

"ಹಾಗಂತ ಅದರ ಮುಂದೆ ನಾಚಿಕೆ ಬಿಡೋಕಾಗುತ್ತಾ."

ನಾನು ಬೈಕ್ ಹತ್ತಿ ಏಳನೇ ತೂಬಿಗೆ ಹೋದೆ. ಎರಡು ಗಂಟೆಯಲ್ಲಿ ಗುಟ್ಟು ಬಯಲಾಯಿತು. ಮೊದಲ ಸಲ ಕೇಳಿದಾಗ ತೂಬಿನ ಕಂಪ್ಯೂಟರ್ ತೋರಿಸುವುದು ನಿನ್ನೆಯ ಅಳತೆ. ಬೇಡ ಎಂದರೆ ಹೊಸದಾಗಿ ಅಳೆಯುತ್ತದೆ. ಆದರೆ ಅಳೆಯುವ ತೇಲುಗುಂಡಿಗೆ ಅಂತರಗಂಗೆಯ ಬೇರು ಸಿಕ್ಕಿಕೊಂಡಿರುತ್ತದೆ, ಮೊದಲ ಸಲ ಅಳೆಯುವಾಗ ಅದು ಬಿಡಿಸಿಕೊಂಡು ಕುಣಿಯುತ್ತಿರುತ್ತದೆ, ಆ ಅಳತೆಯೂ ತಪ್ಪು. ಇನ್ನೊಂದು ಸಲ ಬೇಡ ಎಂದರೆ ಅಷ್ಟು ಹೊತ್ತಿಗೆ ಗುಂಡು ಸುಮ್ಮನಾಗಿ ನಿಜವಾದ ಅಳತೆ ಸಿಗುತ್ತದೆ. ಡೆಂಗಿ ದಿನಗಳಲ್ಲಿ ಕೂತ ಆ ನಕ್ಷೆಯವನು ಸಮುದ್ರದಾಚೆಯ ಮಕಸ್ಸಾರ್‌ನವನು, ಕೇಳಿದ ತಕ್ಷಣ ಹೌದು ಎಂದಿದ್ದ. ಹತ್ತೊಂಬತ್ತು ವರ್ಷ ಈ ಊರಿನ ಗದ್ದೆ, ಕೊಳ, ಸೇತುವೆಗಳನ್ನೆಲ್ಲ ಕಾಪಾಡಿದ್ದು ಪಾಕ್ದೆಯ ಸಂಕೋಚ.

ಸ್ಕ್ರಿಪ್ಟನ್ನು ಹೊಸದಾಗಿ ಬರೆದೆ. ಪಾಕ್ದೆ ಒಂದೊಂದು ಬೇಡದ ನಂತರ ಒಂದು ಗುಟುಕು ಚಹಾ ಕುಡಿದೇ ಮುಂದಿನದನ್ನು ಒತ್ತುತ್ತಿದ್ದರು. ಬೇಡ, ಒಂದು ಗುಟುಕು ಚಹಾದಷ್ಟು ಹೊತ್ತು ಸುಮ್ಮನಿರು, ಬೇಡ, ಇನ್ನೊಂದು ಗುಟುಕು, ಹೌದು. ಗುಟುಕಿನ ಅವಧಿ ಹಿಡಿಯಲು ಪಾಕ್ದೆ ಚಹಾ ಕುಡಿಯುವುದನ್ನು ದೂರದಿಂದ ಗಡಿಯಾರ ಹಿಡಿದು ನೋಡಿದೆ. ಬಿಸಿ ಚಹಾದ ಗುಟುಕು ಬೇರೆ, ಆರಿದ ಚಹಾದ ಗುಟುಕು ಬೇರೆ. ಮೊದಲ ನಾಲ್ಕು ತೂಬು ಬಿಸಿ ಚಹಾದವು, ಉಳಿದವು ಆರಿದ್ದು. ಸ್ಕ್ರಿಪ್ಟಿನಲ್ಲಿ ಹಾಗೇ ಬರೆದೆ, ನಗಬೇಡಿ, ಅಳತೆ ಕೂದಲೆಳೆಯಷ್ಟೂ ತಪ್ಪಲಿಲ್ಲ.

ಹದಿನೈದರ ಬೆಳಿಗ್ಗೆ ಬು ತಿಯುರ್ಮಾ ಎದುರಿಗೇ ಓಡಿಸಿದೆ. ಹನ್ನೊಂದು ಕಿಟಕಿಗಳು ಪರದೆಯ ಮೇಲೆ ಒಪ್ಪವಾಗಿ ಜೋಡಿಸಿಕೊಂಡು ನಿಂತವು. ಎಲ್ಲವೂ ಬೇಡ ಎಂದವು, ತಡೆದು ಮತ್ತೆ ಬೇಡ ಎಂದವು, ಆಮೇಲೆ ನಿಧಾನಕ್ಕೆ ಹೌದು ಎಂದವು. ಬೀಗರ ಮನೆ ಪಂಕ್ತಿಯಲ್ಲಿ ಕೂತ ಹಿರಿಯರ ಹಾಗೆ. ತೂಬುಗಳು ಇರಬೇಕಾದಷ್ಟೇ ತೆರೆದವು. ಹನ್ನೊಂದು ಗಂಟೆಯಾದರೂ ಅಂಗಳಕ್ಕೆ ಒಂದು ಹನಿ ನೀರು ಬರಲಿಲ್ಲ.

"ಭೇಷ್," ಎಂದರು ಬು. ರಜೆಯ ಕಾಗದ ಹೊರತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು. "ಏನ್ ಪಾಕ್ದೆ, ಹೋಗ್ತೀರಾ ಹಜ್‌ಗೆ? ನಲವತ್ತು ದಿನ ರಜೆ ಬೇಕಾ?"

ಪಾಕ್ದೆ ಕೈ ಮುಂದಕ್ಕೆ ಜೋಡಿಸಿಕೊಂಡು ತಲೆ ತಗ್ಗಿಸಿದರು. "ಅಯ್ಯೋ ಬೇಡಿ ಬು. ಇಲ್ಲಿ ಕೆಲ್ಸ ಇರುತ್ತೆ. ನನ್ನಿಂದ ಎಲ್ರಿಗೂ ತೊಂದ್ರೆ ಯಾಕೆ."

"ಸರಿ ಹಾಗಾದ್ರೆ," ಎಂದ ಬು ಪೆನ್ನಿನ ಮುಚ್ಚಳ ಹಾಕಿ, ಕಾಗದವನ್ನು ಖಾನೆಯೊಳಗೆ ತಳ್ಳಿ, ರಾಕೆಟ್ ತೆಗೆದುಕೊಂಡು ಹೊರಟುಹೋದರು.

ಪಾಕ್ದೆ ಮುಚ್ಚಿದ ಖಾನೆಯನ್ನೇ ನೋಡುತ್ತ ನಗುತ್ತಿದ್ದರು. ನಮ್ಮಲ್ಲಿ ಎದೆ ಒಡೆದಾಗಲೂ ಹಾಗೆಯೇ ನಗುತ್ತಾರೆ. ಆಗ ನಾನು ರೇಗಿದೆ. ಹಿರಿಯರ ಮುಂದೆ ಎತ್ತಬಾರದಷ್ಟು ದನಿ ಎತ್ತಿದೆ.

"ಹದಿಮೂರು ವರ್ಷ ಕಾದು, ಬುದೆ ಆ ಮಂಡಿ ಇಟ್ಕೊಂಡು ದಿನಾ ಸುತ್ತು ಹೊಡೆದು, ನಾನು ನಿಮ್ಮ ಗುಟುಕು ಎಣಿಸಿ, ನೀವು ಬೇಡ ಅಂತೀರಲ್ಲ?"

"ಇನ್ನೊಂದೆರಡು ಸಲ ಕೇಳ್ತಾರೆ ಅನ್ಕೊಂಡೆ," ಎಂದರು ಅವರು ಮೆಲ್ಲಗೆ. "ಹಿಂದಿನ ಸಾಹೇಬ್ರೂ ಹೀಗೇ. ವಿಭಾಗದ ಮುಖ್ಯಸ್ಥ ಆಗ್ತೀರಾ ಅಂತ ಕೇಳಿದ್ರು, ಬೇಡಿ ಸರ್ ಅಂದೆ. ಸರಿ ಅಂದ್ಬಿಟ್ರು. ಅವ್ರೂ ಬೇರೆ ದ್ವೀಪದವ್ರು, ಪಾಪ, ಗೊತ್ತಿರ್ಲಿಲ್ಲ," ಎಂದರು.

ಹನ್ನೊಂದು ವರ್ಷದ ಹಿಂದಿನ ಆ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲ. ನನ್ನ ಸಿಟ್ಟೆಲ್ಲ ಇಳಿದುಹೋಯಿತು.

"ಈಗಲೇ ಹೋಗಿ, ಬೇಕು ಅಂತ ಒಂದು ಮಾತು ಹೇಳ್ಬಿಡಿ," ಎಂದು ಅವರನ್ನು ಅಂಗಳಕ್ಕೆ ದಬ್ಬಿದೆ. ಕಿಟಕಿಯಿಂದ ನೋಡಿದೆ. ಪಾಕ್ದೆ ಗೆರೆಯಾಚೆ ನಿಂತು ಬುಗೆ ನಮಸ್ಕರಿಸಿದರು. ಏನು ಎಂದು ಬು ಕೇಳಿದರು. ಪಾಕ್ದೆ ಏನೋ ಹೇಳಿ ವಾಪಸು ಬಂದರು.

"ಏನಂದ್ರಿ?"

"ಊಟ ಆಯ್ತಾ ಅಂತ ವಿಚಾರಿಸ್ದೆ."

ಬುವನ್ನು ನಾನೇ ಹಿಡಿದೆ. ಇನ್ನೆರಡು ಸಲ ಕೇಳಿ ಬು, ಮೂರನೆಯ ಸಲ ಹೂಂ ಅನ್ನುತ್ತಾರೆ ಎಂದೆ. ಅವರು ಬೆವರು ಒರೆಸಿಕೊಂಡು ನನ್ನನ್ನೇ ನೋಡಿದರು.

"ಬೇಡ ಅಂದೋರಿಗೆ ತುರುಕೋಕೆ ನಾನೇನು ಅವ್ರ ಅತ್ತೇನಾ? ಅವ್ರ ಬಾಯಲ್ಲಿ ಹೌದು ಅಂತ ಬರ್ಬೇಕು, ನಾನು ಸೈನ್ ಹಾಕ್ಬೇಕು. ಮನುಷ್ಯರು ಹೇಳಿದ್ದನ್ನ ನಂಬೋದು ತಪ್ಪಾ ನಿಮ್ಮೂರಲ್ಲಿ? ನಂಗೆ ಕೇಳೋ ತಾಳ್ಮೆ ಇಲ್ಲ ವೆನಿಂಗ್. ನಿನ್ನ ಮಿಷಿನ್ನಿಗೆ ಇದೆಯಲ್ಲ, ಅದೇ ಕೇಳ್ಲಿ."

ತಮಾಷೆಗೆ ಅಂದರು. ನಾನು ಹಾಗೇ ತಿರುಗಿ ಓಡಿದೆ.

ಎರಡೂವರೆಗೆ ಪಾಕ್ದೆಯನ್ನು ಕುರ್ಚಿಯಲ್ಲಿ ಕೂರಿಸಿದೆ. ಬು ಸೂಟ್‌ಕೇಸ್ ಹಿಡಿದು ಹಿಂದೆ ನಿಂತರು, ಕಾಗದ ಅವರ ಕೈಯಲ್ಲಿತ್ತು. ಹೊರಗೆ ಬುದೆ ಅವತ್ತು ಮಧ್ಯಾಹ್ನವೂ ಸುತ್ತು ಹಾಕುತ್ತಿದ್ದರು. ಅವರಿಗೆ ಇನ್ನೂ ವಿಷಯ ಗೊತ್ತಿರಲಿಲ್ಲ. ಸ್ಕ್ರಿಪ್ಟ್ ಓಡಿಸಿದೆ. ಹನ್ನೊಂದು ಕಿಟಕಿಗಳು ತೆರೆದವು. ಅವುಗಳ ಮೇಲೆ ಹನ್ನೆರಡನೆಯದೊಂದು ತೆರೆಯಿತು.

'ದರ್ಸೊನೊ ಅವರೇ, ನೀವು ಹಜ್‌ಗೆ ಹೋಗುವುದು ಒಪ್ಪಿಗೆಯೇ?'

ಪಾಕ್ದೆ ಕನ್ನಡಕ ಸರಿಮಾಡಿಕೊಂಡು ಓದಿದರು. ಹಿಂದೆ ತಿರುಗಿ ಯಾರನ್ನೂ ನೋಡಲಿಲ್ಲ. ಬೇಡ ಎಂದು ಒತ್ತಿದರು.

ಕಿಟಕಿ ಒಂದು ಗುಟುಕಿನ ಹೊತ್ತು ಸುಮ್ಮನಿದ್ದು, ಮತ್ತೆ ಕೇಳಿತು. ಬೇಡ. ಮೂರನೆಯ ಸಲ ಕೇಳಿತು. ಅವರ ಬೆರಳು ಹೌದಿನ ಮೇಲೆ ಸ್ವಲ್ಪ ಹೊತ್ತು ನಿಂತು, ಪಕ್ಕಕ್ಕೆ ಸರಿದು, ಬೇಡ ಎಂದೇ ಒತ್ತಿತು.

"ಇದೇನಿದು," ಎಂದರು ಬು. "ಮೂರಾಯ್ತಲ್ಲ."

"ನೀರಿಗಾದ್ರೆ ಎರಡು ಸಲ ಸಾಕು ಬು," ಎಂದರು ಪಾಕ್ದೆ ಪರದೆಯಿಂದ ಕಣ್ಣು ತೆಗೆಯದೆ. "ಇದು ಬಹಳ ದೊಡ್ಡದಲ್ವಾ."

ಕಿಟಕಿ ನಾಲ್ಕನೆಯ ಸಲ ಕೇಳಿತು. ಹೌದು ಎನ್ನುವವರೆಗೆ ಬಿಡದೆ ಕೇಳುತ್ತಿರು ಎಂದು ನಾನು ಬರೆದಿದ್ದೆ. ಎಷ್ಟು ಸಲ ಎಂದು ಮಿತಿ ಹಾಕಿರಲಿಲ್ಲ. ಐದು. ಆರು. ಬು ಅಭ್ಯಾಸಬಲದಿಂದ ಪಾಯಿಂಟು ಎಣಿಸುವಂತೆ ಗಟ್ಟಿಯಾಗಿ ಎಣಿಸತೊಡಗಿದರು. ಏಳು. ಕಿಟಕಿಗೆ ಬೇಜಾರಿಲ್ಲ, ಅವಸರವಿಲ್ಲ, ಗಾಡಿ ಹಿಡಿಯಬೇಕಿಲ್ಲ. ಪ್ರತಿ ಸಲವೂ ಮೊದಲ ಸಲದಷ್ಟೇ ಮರ್ಯಾದೆಯಿಂದ ಕೇಳಿತು. ಎಂಟಾದ ಮೇಲೆ ಪಾಕ್ದೆ ಅಳುತ್ತಿದ್ದರು. ಅಳುತ್ತಲೇ ಬೇಡ ಒತ್ತುತ್ತಿದ್ದರು. ಅವರಿಗೆ ಅದು ಮುಗಿಯುವುದೇ ಬೇಡವಾಗಿತ್ತು ಎಂದು ನನಗೆ ಆಗ ಹೊಳೆಯಿತು. ಅರವತ್ತರ ಹತ್ತಿರದ ಆ ಮನುಷ್ಯನನ್ನು ಯಾರೂ ಯಾವುದಕ್ಕೂ ಇಷ್ಟು ಸಲ ಕೇಳಿರಲಿಲ್ಲ.

"ಹದಿನಾಲ್ಕು," ಎಂದರು ಬು. ಅವರ ದನಿ ಮೊದಲ ಸಲ ಎದುರು ರಸ್ತೆಗೆ ಕೇಳಿಸುವಷ್ಟಿರಲಿಲ್ಲ.

ಪಾಕ್ದೆ ತೋಳಿನಿಂದ ಕಣ್ಣೊರೆಸಿಕೊಂಡು, ಹೌದು ಎಂದು ಒತ್ತಿದರು. ಹನ್ನೆರಡನೆಯ ಕಿಟಕಿ ಮುಚ್ಚಿತು. "ತುಂಬಾ ತೊಂದ್ರೆ ಕೊಟ್ಟೆ," ಎಂದು ಅವರು ಕಂಪ್ಯೂಟರಿಗೆ ಹೇಳಿದರು.

ಬು ಅಲ್ಲೇ ಸೂಟ್‌ಕೇಸಿನ ಮೇಲೆ ಕಾಗದ ಇಟ್ಟು ಸಹಿ ಹಾಕಿದರು. ಮೂರಕ್ಕೆ ಹನ್ನೆರಡು ನಿಮಿಷ ಬಾಕಿ. ಹೊರಗೆ ಅವರನ್ನು ಸ್ಟೇಷನ್ನಿಗೆ ಒಯ್ಯಬೇಕಾದ ಕಾರು ಹಾರ್ನ್ ಹಾಕುತ್ತಿತ್ತು. ಕಾಗದವನ್ನು ಪಾಕ್ದೆಯ ಮುಂದೆ ಹಿಡಿದು, "ತಗೊಳ್ಳಿ," ಎಂದರು.

"ಅಯ್ಯೋ, ಬೇಡಿ ಬು," ಎಂದರು ಪಾಕ್ದೆ, ಎರಡು ಹೆಜ್ಜೆ ಹಿಂದೆ ಸರಿದು.

ಬು ನನ್ನ ಕಡೆ ನೋಡಿದರು. ಆಮೇಲೆ ಹಾರ್ನ್ ಹಾಕುತ್ತಿದ್ದ ಕಾರಿನ ಕಡೆ ನೋಡಿದರು. ಸೂಟ್‌ಕೇಸ್ ಕೆಳಗಿಟ್ಟು, ನನ್ನ ಮೇಜಿನ ಮೇಲಿದ್ದ ಚಹಾದ ಲೋಟ ಎತ್ತಿ ಒಂದು ಗುಟುಕು ಕುಡಿದರು.

"ತಗೊಳ್ಳಿ ಪಾಕ್ದೆ."

"ನಿಮ್ಮ ಹತ್ರಾನೇ ಇರ್ಲಿ ಬು, ಪರವಾಗಿಲ್ಲ."

ಬು ಇನ್ನೊಂದು ಗುಟುಕು ಕುಡಿದರು. ಆ ಚಹಾ ಬೆಳಗಿನದು, ಆರಿ ತಣ್ಣಗಾಗಿತ್ತು.

"ತಗೊಳ್ಳಿ," ಎಂದರು.

ಪಾಕ್ದೆ ಬಲಗೈ ಚಾಚಿ ಕಾಗದ ತೆಗೆದುಕೊಂಡರು.